ವಿಡಿಯೊ ನೋಡಿ ಸ್ಕ್ರೂ ಬಿಚ್ಚುವ ಮುನ್ನ

ತೀರ್ಥಹಳ್ಳಿ
ಆಷಾಢ, ಗುರುವಾರ

ಚಿ. ಸಿಂಧುವಿಗೆ ಮಾವನ ಆಶೀರ್ವಾದಗಳು.

ಇತ್ತ ಎಲ್ಲ ಕ್ಷೇಮ. ನೀನು ಕಳಿಸಿದ ಮೂರು ವಿಡಿಯೊಗಳನ್ನೂ ಪೂರ್ತಿ ನೋಡಿದೆ. ನಿಧಾನ ತಿರುಗುವ ಫ್ಯಾನಿನದು ಚೆನ್ನಾಗಿದೆ, ಧೈರ್ಯವಾಗಿ ಮಾಡು. ಕಳೆ ಕತ್ತರಿಸುವ ಮಷಿನ್, ವೀಡ್ ಕಟರಿನದು ಅರ್ಧ ಸರಿ. ಮೋಟಾರು ಶಾಕ್ ಹೊಡೆಯುವುದನ್ನು ನಿಲ್ಲಿಸಲು ನ್ಯೂಟ್ರಲಿನಿಂದ ಅರ್ತ್ ಪಿನ್ನಿಗೆ ತುಂಡು ವೈರ್ ಸೇರಿಸಿ ಅಂತ ಮೂರನೆಯವನು ಹೇಳಿದ ಉಪಾಯ ಇದೆಯಲ್ಲ, ಅದನ್ನು ಯಾವ ಕಾರಣಕ್ಕೂ ಮಾಡಬೇಡ. ಆಗಲೇ ಮಾಡಿಬಿಟ್ಟಿದ್ದರೆ ಓದುವುದನ್ನು ಇಲ್ಲಿಗೇ ನಿಲ್ಲಿಸು. ಮೇನ್ ಸ್ವಿಚ್ ಆಫ್ ಮಾಡಿ, ಆ ತುಂಡು ವೈರನ್ನು ಕಿತ್ತುಹಾಕಿ ಬಂದು ಮುಂದೆ ಓದು.

‘ಲಕ್ಷಗಟ್ಟಲೆ ಜನ ನೋಡಿದ್ದಾರೆ, ಕೆಳಗೆ ಎಲ್ಲರೂ ಥ್ಯಾಂಕ್ಸ್ ಹೇಳಿದ್ದಾರೆ’ ಅಂತ ಬರೆದಿದ್ದೀಯ. ಥ್ಯಾಂಕ್ಸ್ ಹೇಳಿದವರಲ್ಲಿ ಹೆಚ್ಚಿನವರು ನೋಡಿದವರು ಮಾರಾಯ್ತಿ, ಮಾಡಿದವರಲ್ಲ. ಆರು ತಿಂಗಳಾದ ಮೇಲೆ ವೈಂಡಿಂಗ್ (ಒಳಗಿನ ತಂತಿ ಸುರುಳಿ) ಸುಟ್ಟುಕೊಂಡವನು ಅದೇ ವಿಡಿಯೊ ಹುಡುಕಿಕೊಂಡು ಹೋಗಿ ಬೈದು ಬರುವುದು ಅಪರೂಪ. ಮುಂಚೆ ಇಷ್ಟವಾಗಲಿಲ್ಲ ಅಂದವರ ಲೆಕ್ಕವಾದರೂ ಕಾಣುತ್ತಿತ್ತು. 2021ರ ನವೆಂಬರಿನಲ್ಲಿ ಯೂಟ್ಯೂಬ್ ಅದನ್ನೂ ನೋಡುಗರಿಗೆ ಕಾಣದ ಹಾಗೆ ಮಾಡಿತು. ಅದಕ್ಕೇ ಕಾಮೆಂಟುಗಳನ್ನು ಹೊಸದು ಮೊದಲು ಬರುವ ಹಾಗೆ ಇಟ್ಟುಕೊಂಡು ಓದು. ‘ಸೂಪರ್ ಬ್ರೋ’ಗಳನ್ನೆಲ್ಲ ದಾಟು. ಮಾಡೆಲ್ ನಂಬರ್ ಹೇಳಿ, ಎಲ್ಲಿ ಕೈಕೊಟ್ಟಿತು ಅಂತ ಯಾರಾದರೂ ಎರಡು ಸಾಲು ಬರೆದಿದ್ದರೆ ಅದನ್ನು ನಂಬಬಹುದು.

ಕೊನೆಯಲ್ಲಿ ಫ್ಯಾನ್ ತಿರುಗಿತು, ಮೋಟಾರು ಓಡಿತು ಅನ್ನುವುದು ಪುರಾವೆ ಅಲ್ಲ. ಕ್ಯಾಮೆರಾ ನಿಲ್ಲುವವರೆಗೆ ಓಡಿತು ಅಂತ ಮಾತ್ರ ಅದರಿಂದ ಗೊತ್ತಾಗುತ್ತದೆ. ನೀನು ಗಮನ ಕೊಡಬೇಕಾದದ್ದು ಮೊದಲ ಭಾಗಕ್ಕೆ. ದೋಷ ಇಂಥದ್ದೇ ಅಂತ ಅವನಿಗೆ ಹೇಗೆ ಗೊತ್ತಾಯಿತು? ಅಳೆದು ನೋಡಿದನೋ, ಅಥವಾ ನಾಡಿ ಹಿಡಿಯದೆ ಕಷಾಯ ಕೊಟ್ಟ ಹಾಗೆ ನೇರವಾಗಿ ಹೊಸ ಪಾರ್ಟ್ ಹಾಕಿದನೋ?

ನಿನ್ನ ಫ್ಯಾನಿನ ವಿಡಿಯೊ ಇಷ್ಟವಾದದ್ದು ಇದೇ ಕಾರಣಕ್ಕೆ. ಫ್ಯಾನ್ ನಿಧಾನವಾಗಲು ನಾಲ್ಕು ಕಾರಣ ಇರಬಹುದು: ವೋಲ್ಟೇಜ್, ರೆಗ್ಯುಲೇಟರ್, ಬೇರಿಂಗ್, ಕೆಪಾಸಿಟರ್ (ಫ್ಯಾನ್ ತಿರುಗಲು ನೂಕು ಕೊಡುವ ಪುಟ್ಟ ಡಬ್ಬಿ). ಅವನು ಒಂದೊಂದನ್ನೇ ತಳ್ಳಿಹಾಕುತ್ತಾ ಬರುತ್ತಾನೆ. ಸಂಜೆ ಏಳರಿಂದ ಹತ್ತರವರೆಗೆ ಮಾತ್ರ ನಿಧಾನವಾಗುತ್ತದಾ ಅಂತ ಕೇಳುತ್ತಾನೆ. ಹಾಗಿದ್ದರೆ ಅದು ವೋಲ್ಟೇಜಿನ ತೊಂದರೆ, ಫ್ಯಾನ್ ಬಿಚ್ಚುವುದೇ ಬೇಡ. ಆಮೇಲೆ ರೆಗ್ಯುಲೇಟರ್ ಬಿಟ್ಟು ನೇರ ಕೊಟ್ಟು ನೋಡುತ್ತಾನೆ. ಮೇನ್ ಆಫ್ ಮಾಡಿ ರೆಕ್ಕೆಯನ್ನು ಕೈಯಲ್ಲಿ ತಿರುಗಿಸಿ ಬಿಡುತ್ತಾನೆ; ಗರಗರ ಅನ್ನದೆ, ಗಕ್ಕನೆ ನಿಲ್ಲದೆ ತಾನಾಗಿ ತಿರುಗಿದರೆ ಬೇರಿಂಗ್ ಸರಿ ಇದೆ. ಕೊನೆಗೆ ಕೆಪಾಸಿಟರ್ ಬಿಚ್ಚಿ ಮೀಟರಿಗೆ ಹಿಡಿಯುತ್ತಾನೆ. ಮೇಲೆ 2.5 ಮೈಕ್ರೋಫ್ಯಾರಡ್, ಹೆಚ್ಚುಕಡಿಮೆ ಶೇ. 5 ಅಂತ ಅಚ್ಚಾಗಿದೆ. ಅಂದರೆ 2.37ರಿಂದ 2.63ರೊಳಗೆ ಇರಬೇಕು. ಮೀಟರ್ 1.6 ತೋರಿಸುತ್ತದೆ. ಅಲ್ಲಿಗೆ ದೋಷ ಸಿಕ್ಕಿತು. ಅದೇ 2.5, ಅದೇ 440 ವೋಲ್ಟಿನದನ್ನು ಹಾಕಿ, ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ಫ್ಯಾನಿನ ಹೊಟ್ಟೆ ಮುಟ್ಟಿ ಬಿಸಿ ಎಷ್ಟಿದೆ ಅಂತ ಹೇಳುತ್ತಾನೆ. ನಂಬಬೇಕಾದ ವಿಡಿಯೊ ಇರುವುದು ಹೀಗೆ.

ಅದರ ಪಕ್ಕದಲ್ಲೇ ಇನ್ನೊಂದು ಬಂದಿರುತ್ತದೆ ನೋಡು: ‘ಹತ್ತು ನಿಮಿಷದಲ್ಲಿ ಡಬಲ್ ಗಾಳಿ’. ಅವನು 2.5 ತೆಗೆದು 4 ಹಾಕುತ್ತಾನೆ. ಗಾಳಿ ಸ್ವಲ್ಪ ಜಾಸ್ತಿಯೇ ಬರಬಹುದು. ಆದರೆ ಕೆಪಾಸಿಟರ್ ದೊಡ್ಡದಾದಷ್ಟೂ ಸ್ಟಾರ್ಟಿಂಗ್ ವೈಂಡಿಂಗಿನಲ್ಲಿ ಕರೆಂಟು ಹೆಚ್ಚುತ್ತದೆ, ತಂತಿ ಕಾಯುತ್ತದೆ, ಮೇಲಿನ ಎನಾಮಲ್ ದಿನದಿನಕ್ಕೆ ಸುಡುತ್ತದೆ. ಬೇಸಿಗೆಯಲ್ಲಿ ಹಾಕಿದ್ದು ಮುಂದಿನ ಬೇಸಿಗೆಗೆ ರಿವೈಂಡಿಂಗ್ ಅಂಗಡಿ ಸೇರುತ್ತದೆ, ವಿಡಿಯೊ ಮಾತ್ರ ಹಾಗೇ ಇರುತ್ತದೆ.

ಇಂಗ್ಲಿಷ್ ವಿಡಿಯೊಗಳ ವಿಷಯಕ್ಕೆ ಒಂದು ಎಚ್ಚರಿಕೆ. ಅಮೆರಿಕದವನು ‘ಕಪ್ಪು ವೈರಿನಲ್ಲಿ ಕರೆಂಟಿದೆ, ಬಿಳಿಯದು ನ್ಯೂಟ್ರಲ್’ ಅನ್ನುತ್ತಾನೆ. ಅವರಲ್ಲಿ ಅದೇ ಸರಿ. ನಮ್ಮ ಮನೆಗಳ ವೈರಿಂಗಿನಲ್ಲಿ ಕೆಂಪು ಫೇಸ್ (ಕರೆಂಟು ಬರುವುದು), ಕಪ್ಪು ನ್ಯೂಟ್ರಲ್ (ವಾಪಸು ಹೋಗುವುದು), ಹಸಿರು ಅರ್ತ್ (ಸೋರಿದ್ದು ನೆಲಕ್ಕೆ ಇಳಿಯುವುದು). ಈಗಿನ ಸಾಮಾನುಗಳ ಜೊತೆ ಬರುವ ವೈರಿನಲ್ಲಾದರೆ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ಅವರ ಮನೆಯ ಕರೆಂಟು 120 ವೋಲ್ಟ್, ನಮ್ಮದು 230. ಇನ್ನು ನಿಮ್ಮ ಸಾಗರದ ಹಳೇ ಮನೆಯ ಮರದ ಪಟ್ಟಿಯ ವೈರಿಂಗಿನಲ್ಲಿ ಯಾವ ಬಣ್ಣವನ್ನೂ ನಂಬುವ ಹಾಗಿಲ್ಲ. ಯಾರ ಕೈಗೆ ಯಾವ ತುಂಡು ಸಿಕ್ಕಿತೋ ಅದನ್ನೇ ಹಾಕಿರುತ್ತಾರೆ.

ಟೆಸ್ಟರಿನ ದೀಪ ಹತ್ತಲಿಲ್ಲ ಅಂದರೆ ಕರೆಂಟಿಲ್ಲ ಅಂತ ತಿಳಿಯಬೇಡ. ಆ ದೀಪ ಹತ್ತುವುದು ನಿನ್ನ ಮೈಯೊಳಗಿಂದ ನೆಲಕ್ಕೆ ಹರಿಯುವ ಚೂರು ಕರೆಂಟಿನಿಂದ. ಒಣ ಮರದ ಸ್ಟೂಲಿನ ಮೇಲೆ, ರಬ್ಬರ್ ಚಪ್ಪಲಿಯಲ್ಲಿ, ಹಗಲು ಬೆಳಕಿನಲ್ಲಿ ನಿಂತರೆ ಅದು ಹತ್ತಿದ್ದೇ ಕಾಣುವುದಿಲ್ಲ. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಮೊದಲು ಕರೆಂಟು ಇದೆ ಅಂತ ಗೊತ್ತಿರುವ ಸಾಕೆಟ್ ನೋಡು, ಆಮೇಲೆ ಬಿಚ್ಚಬೇಕಾದ ವೈರ್ ನೋಡು, ಮತ್ತೆ ಅದೇ ಸಾಕೆಟ್ ನೋಡು. ಮೀಟರ್ ಮಧ್ಯದಲ್ಲಿ ಕೆಟ್ಟಿಲ್ಲ ಅನ್ನುವುದು ಮೂರನೆಯದರಿಂದ ಗೊತ್ತಾಗುತ್ತದೆ. ಈ ಮೂರನೆಯದನ್ನು ತೋರಿಸುವವನು ಸಿಕ್ಕರೆ ಅವನ ಚಾನೆಲ್ ನೆನಪಿಟ್ಟುಕೋ.

ಈಗ ಮೋಟಾರು. ಬಾವಿಕಟ್ಟೆಯ ಮೋನೋಬ್ಲಾಕ್ ಪಂಪು ಮುಟ್ಟಿದರೆ ಜುಂ ಅನ್ನುತ್ತದೆ ಅಂದೆ. ಆ ಪುಣ್ಯಾತ್ಮ ನ್ಯೂಟ್ರಲಿನಿಂದ ಒಂದು ತುಂಡು ವೈರ್ ತಂದು ಅರ್ತ್ ಪಿನ್ನಿಗೆ ಸೇರಿಸುತ್ತಾನೆ, ಟೆಸ್ಟರ್ ಇಡುತ್ತಾನೆ, ದೀಪ ಹತ್ತುವುದಿಲ್ಲ, ಅಂಗೈ ಊರಿ ತೋರಿಸುತ್ತಾನೆ. ಅವನು ತೋರಿಸಿದ್ದು ಸುಳ್ಳಲ್ಲ. ನ್ಯೂಟ್ರಲ್ ಗಟ್ಟಿಯಾಗಿರುವವರೆಗೆ ಶಾಕ್ ನಿಜಕ್ಕೂ ನಿಲ್ಲುತ್ತದೆ. ಆದರೆ ನಮ್ಮಲ್ಲಿ ಮಳೆ ಹಿಡಿಯಿತೆಂದರೆ ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರಿನ ಮೇಲೆ ಅಕೇಶಿಯಾ ಕೊಂಬೆ ಬೀಳುತ್ತದೆ, ಜಾಯಿಂಟ್ ಕಿಲುಬು ಹಿಡಿಯುತ್ತದೆ, ನ್ಯೂಟ್ರಲ್ ಒಂದೇ ಕಡಿದುಹೋಗುತ್ತದೆ. ಆಗ ಮನೆಯಲ್ಲಿ ಒಂದು ಬಲ್ಬಿನ ಸ್ವಿಚ್ ಆನ್ ಇದ್ದರೂ ಸಾಕು, ಫೇಸ್ ಅದರ ಮೂಲಕ ಹಾದು ಕಡಿದ ನ್ಯೂಟ್ರಲಿಗೆ ಬಂದು ಕೂರುತ್ತದೆ. ಅಲ್ಲಿಂದ ಆ ತುಂಡು ವೈರ್ ಹಿಡಿದು ಮೋಟಾರಿನ ಮೈಗೆ. ಅರ್ತ್ ಎಲ್ಲ ಒಂದೇ ಸಾಲಾಗಿದ್ದರೆ ಫ್ರಿಜ್ಜಿನ ಬಾಗಿಲಿಗೆ, ಗೀಸರಿನ ನಲ್ಲಿಗೆ. ದೀಪ ಉರಿಯದೇ ಇರುವುದರಿಂದ ಎಲ್ಲರೂ ‘ಕರೆಂಟು ಹೋಯ್ತು’ ಅಂದುಕೊಂಡೇ ಹೋಗಿ ಮುಟ್ಟುತ್ತಾರೆ. ಪ್ಲಗ್ಗಿನಲ್ಲಿ ಫೇಸ್-ನ್ಯೂಟ್ರಲ್ ಅದಲುಬದಲಾಗಿದ್ದರಂತೂ ಕೊಂಬೆ ಬೀಳುವವರೆಗೂ ಕಾಯಬೇಕಿಲ್ಲ.

ಆ ವಿಡಿಯೊದಲ್ಲಿ ಇಲ್ಲದ ಪ್ರಶ್ನೆ, ಕರೆಂಟು ಸೋರುತ್ತಿರುವುದು ಎಲ್ಲಿಂದ ಅನ್ನುವುದು. ಟರ್ಮಿನಲ್ ಬಾಕ್ಸಿನೊಳಗೆ ನೀರು ಇಳಿದಿರಬಹುದು, ಇರುವೆ ಗೂಡು ಕಟ್ಟಿರಬಹುದು, ಕೇಬಲ್ ಜಾಯಿಂಟಿನ ಟೇಪು ಬಿಚ್ಚಿರಬಹುದು, ಇಲ್ಲವೇ ವೈಂಡಿಂಗ್ ತಂಡಿ ಹಿಡಿದಿರಬಹುದು. ಇದನ್ನು ನೋಡಲು ಮಲ್ಟಿಮೀಟರ್ ಸಾಲದು, ಅದರ ಬ್ಯಾಟರಿಯ ನಾಲ್ಕಾರು ವೋಲ್ಟಿಗೆ ಸೋರಿಕೆ ಕಾಣುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ, ವೈರ್ ಬಿಚ್ಚಿ, 500 ವೋಲ್ಟಿನ ಮೆಗ್ಗರಿನಲ್ಲಿ (ಸೋರಿಕೆ ಅಳೆಯುವ ಮೀಟರ್) ವೈಂಡಿಂಗಿಗೂ ಮೋಟಾರಿನ ಮೈಗೂ ನಡುವೆ ನೋಡಿಸು. 1 ಮೆಗಾಓಮಿಗಿಂತ ಕೆಳಗಿದ್ದರೆ ಓಡಿಸುವ ಹಾಗಿಲ್ಲ. ತಂಡಿ ಮಾತ್ರವಾಗಿದ್ದರೆ ಒಣಗಿಸಿದ ಮೇಲೆ ಮತ್ತೆ ಏರುತ್ತದೆ.

ಅರ್ತ್ ಗುಂಡಿ ಇದೆಯಲ್ಲ ಅನ್ನಬೇಡ. ಜಂಬಿಟ್ಟಿಗೆ ನೆಲದಲ್ಲಿ ಅದರ ರೋಧ 30 ಓಮ್ ಇದೆ ಅಂತ ಇಟ್ಟುಕೋ. 230ನ್ನು 30ರಿಂದ ಭಾಗಿಸಿದರೆ ಏಳೂವರೆ ಆಂಪಿಯರ್ ಚಿಲ್ಲರೆ. 16 ಆಂಪಿಯರಿನ ಎಂಸಿಬಿ (ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್) ಅದಕ್ಕೆ ಅಲುಗಾಡುವುದೂ ಇಲ್ಲ, ಮೋಟಾರಿನ ಮೈ ಮಾತ್ರ ಶಾಕ್ ಹೊಡೆಯುತ್ತಲೇ ಇರುತ್ತದೆ. ಅದಕ್ಕೇ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು, ಚೂರು ಕರೆಂಟು ನೆಲಕ್ಕೆ ಸೋರಿದರೂ ಬೀಳುವ ಸ್ವಿಚ್ ಅದು. ‘ಮಳೆಗಾಲದಲ್ಲಿ ಪದೇ ಪದೇ ಬೀಳುತ್ತೆ, ಬೈಪಾಸ್ ಮಾಡಿ’ ಅನ್ನುವ ವಿಡಿಯೊಗಳೂ ಇವೆ. ಬೀಳುವುದೇ ಅದರ ಕೆಲಸ. ಎಲ್ಲ ಎಂಸಿಬಿ ಆಫ್ ಮಾಡಿ ಒಂದೊಂದೇ ಹಾಕುತ್ತಾ ಬಂದರೆ ಸೋರುವ ಸಾಲು ಸಿಗುತ್ತದೆ ಅಂತ ಹೇಳುವವನು ಪರವಾಗಿಲ್ಲ. ನ್ಯೂಟ್ರಲ್ ಅರ್ತಿಗೆ ತಾಗಿದ್ದರೆ ಎಂಸಿಬಿ ಆಫ್ ಇದ್ದರೂ ಬೀಳುತ್ತದೆ, ಪ್ಲಗ್ಗುಗಳನ್ನೂ ಕಿತ್ತು ನೋಡಿ ಅಂತ ಸೇರಿಸುವವನು ನಿಜವಾಗಿ ಬೋರ್ಡ್ ಬಿಚ್ಚಿ ಕೆಲಸ ಮಾಡಿದವನು.

ವೀಡ್ ಕಟರಿನವನು ಕಾರ್ಬುರೇಟರ್ ತೊಳೆಯುವುದನ್ನು ಅಚ್ಚುಕಟ್ಟಾಗಿ ತೋರಿಸಿದ್ದಾನೆ. ಆದರೆ ‘ಒಂದು ಮುಚ್ಚಳ ಆಯಿಲ್ ಹಾಕಿ’ ಅಂದನಲ್ಲ, ಯಾವ ಬಾಟಲಿಯ ಮುಚ್ಚಳ? ನಿನ್ನ ಮಷಿನ್ ಟೂ ಸ್ಟ್ರೋಕ್ ಆಗಿದ್ದರೆ ಪುಸ್ತಕದಲ್ಲಿ ಅಳತೆ ಇರುತ್ತದೆ. 25ಕ್ಕೆ 1 ಅಂದರೆ ಲೀಟರ್ ಪೆಟ್ರೋಲಿಗೆ 40 ಮಿಲಿ ಟೂ-ಟಿ (ಟೂ ಸ್ಟ್ರೋಕ್ ಇಂಜಿನ್ನಿನ) ಆಯಿಲ್. 50ಕ್ಕೆ 1 ಅಂದರೆ 20 ಮಿಲಿ. ಕಡಿಮೆಯಾದರೆ ಪಿಸ್ಟನ್ ಸೀಜ್, ಜಾಸ್ತಿಯಾದರೆ ಹೊಗೆ, ಸ್ಪಾರ್ಕ್ ಪ್ಲಗ್ಗಿಗೆ ಮಸಿ. ಫೋರ್ ಸ್ಟ್ರೋಕಿನದಾದರೆ ಪೆಟ್ರೋಲಿಗೆ ಆಯಿಲ್ ಬೆರೆಸುವುದೇ ಇಲ್ಲ, ಅದಕ್ಕೆ ಬೇರೆ ಜಾಗವಿದೆ. ಬ್ಲೇಡಿನ ನಟ್ಟು ಎಡಗೈ ಥ್ರೆಡ್, ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಅವನ ಕೈ ಹಾಗೇ ತಿರುಗಿತು, ಬಾಯಲ್ಲಿ ಹೇಳಲಿಲ್ಲ. ಇಂಥ ಕಡೆ ವಿಡಿಯೊವನ್ನು ನಿಧಾನಕ್ಕೆ ಇಟ್ಟು ಕೈಯನ್ನೇ ನೋಡಬೇಕು. ಇನ್ನೊಂದು, ಅದು ಹಳೇ ವಿಡಿಯೊ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ನಮ್ಮ ಥಂಡಿಯಲ್ಲಿ ಟ್ಯಾಂಕಿನಲ್ಲಿ ಬಿಟ್ಟು ಎರಡು ತಿಂಗಳು ಕೊಟ್ಟಿಗೆಗೆ ಸೇರಿಸಿದರೆ ಮತ್ತೆ ಸ್ಟಾರ್ಟ್ ಆಗುವ ಭರವಸೆ ಇಲ್ಲ. ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡು.

ಪವಾಡದ ವಿಡಿಯೊಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನೆನೆದ ಫೋನನ್ನು ಅಕ್ಕಿ ಡಬ್ಬಕ್ಕೆ ಹಾಕಬೇಡ, ಹಿಟ್ಟು ಒಳಗೆ ಹೋಗುತ್ತದೆ. 2024ರಲ್ಲಿ ಆಪಲ್ ಕಂಪನಿಯೇ ಬೇಡ ಅಂದಿದೆ. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಎಪ್ಸಮ್ ಸಾಲ್ಟ್ ಇತ್ಯಾದಿ ಏನೂ ಬೇಡ, ಉದುರಿದ ಪ್ಲೇಟು ಅದರಿಂದ ಕೂಡುವುದಿಲ್ಲ. ಸೋಡಾಪುಡಿ ಮತ್ತು ಸೂಪರ್ ಗ್ಲೂ ಕೂಡಿಸಿದರೆ ಕಲ್ಲಿನಂತಾಗುವುದು ನಿಜ, ಆದರೆ ಪೆಟ್ಟು ಬಿದ್ದರೆ ಪಟ್ಟನೆ ಒಡೆಯುತ್ತದೆ. ಬಕೆಟಿನ ಹಿಡಿಗೆ ಆಗಿಬರುವುದಿಲ್ಲ.

ಕೈಗಳೇ ಕಾಣದೆ, ಬರೀ ಚಿತ್ರ ಓಡಿಸಿ ಯಂತ್ರದ ದನಿಯಲ್ಲಿ ಓದಿಸಿದ ವಿಡಿಯೊಗಳನ್ನು ನೋಡುವುದೇ ಬೇಡ. ಮೂರು ಕಡೆ ಒಂದೇ ಮಾತು ಕೇಳಿಸಿದರೆ ಮೂರು ಸಾಕ್ಷಿ ಅಂತಲ್ಲ, ಒಬ್ಬನದನ್ನು ಇಬ್ಬರು ನಕಲು ಮಾಡಿರುತ್ತಾರೆ. ಅದೇ ಮಾತು ಕಂಪನಿಯ ಪುಸ್ತಕದಲ್ಲಿದೆಯಾ ನೋಡು.

ಎಷ್ಟೇ ಒಳ್ಳೆಯ ವಿಡಿಯೊ ಆದರೂ ಮೈಕ್ರೋವೇವ್ ಓವನ್ ಬಿಚ್ಚಬೇಡ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಸಾವಿರಾರು ವೋಲ್ಟ್ ಉಳಿದಿರಬಹುದು. ಅದರ ಟ್ರಾನ್ಸ್‌ಫಾರ್ಮರ್ ಕಿತ್ತು ಮರದ ಮೇಲೆ ಮಿಂಚಿನ ಚಿತ್ತಾರ ಸುಡುವುದನ್ನು ವಿಡಿಯೊ ನೋಡಿ ಮಾಡಹೋಗಿ ಅಮೆರಿಕದಲ್ಲಿ ಹಲವರು ಸತ್ತಿದ್ದಾರೆ. ಗ್ಯಾಸ್ ರೆಗ್ಯುಲೇಟರ್ ಬಿಚ್ಚಬೇಡ. ಪೈಪು ಸೋರುತ್ತದಾ ಅಂತ ಸೋಪಿನ ನೀರು ಹಚ್ಚಿ ನೋಡುವುದಷ್ಟೇ ನಿನ್ನ ಕೆಲಸ; ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಕಿಟಕಿ ಬಾಗಿಲು ತೆರೆದು, ಹೊರಗೆ ಬಂದು ಗ್ಯಾಸ್ ಸೋರಿಕೆಯ ತುರ್ತು ನಂಬರ್ 1906ಕ್ಕೆ ಫೋನ್ ಮಾಡು. ಮನೆಯ ಕರೆಂಟ್ ಮೀಟರಿಗಿಂತ ಹಿಂದಿನ ವೈರಿನ ಕೆಲಸ ಲೈನ್‌ಮನ್‌ಗೆ ಬಿಟ್ಟದ್ದು.

ಫ್ಯಾನಿನ ಹಳೇ ಕೆಪಾಸಿಟರನ್ನು ಅಂಗಡಿಗೇ ಒಯ್ದು, ಅದೇ ಅಂಕಿಯದನ್ನು ಕೇಳಿ ತಾ. ಬಿಚ್ಚುವ ಮೊದಲು ಯಾವ ವೈರ್ ಎಲ್ಲಿತ್ತು ಅಂತ ಫೋಟೊ ಹೊಡೆದುಕೋ. ಮೋಟಾರಿನ ನೇಮ್ ಪ್ಲೇಟ್, ಮನೆಯ ಮೇನ್ ಬೋರ್ಡ್ ಎರಡರ ಫೋಟೊ ನನಗೆ ಕಳಿಸು, ಆರ್‌ಸಿಸಿಬಿ ಇದೆಯೋ ಇಲ್ಲವೋ ನೋಡಿ ಹೇಳುತ್ತೇನೆ. ಮೆಗ್ಗರ್ ನೋಡಿಸುವವರೆಗೆ ಮೋಟಾರಿನ ಫ್ಯೂಸ್ ಕಿತ್ತು ಜೇಬಿನಲ್ಲಿಟ್ಟುಕೋ, ನೀರು ಸೇದಿಕೊಳ್ಳಿ. ಅಮ್ಮ ಬೈದರೆ ಮಾವ ಹೇಳಿದ್ದು ಅನ್ನು.

ಇತಿ,
ನಿನ್ನ ಸೋದರಮಾವ