ಪಿಎಸ್‌ಸಿಗೆ ಕೂರುವ ಮಗಳಿಗೆ

ಬದಿಯಡ್ಕ

ಚಿ. ಶ್ರುತಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಡಿಗ್ರಿ ಮುಗಿಸಿ ಸರಕಾರಿ ಕೆಲಸಕ್ಕೆಂದು ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಪರೀಕ್ಷೆಗೆ ಕೂರುತ್ತೀ ಎಂದು ನಿನ್ನ ಅಪ್ಪ ಹೇಳಿದ. ಕಣ್ಣು ಕಾಣದವರಿಗೆ ಸಂಗೀತದ ಟೀಚರ್ ಕೆಲಸ ಬಿಟ್ಟರೆ ಬೇರೇನು ಸಿಕ್ಕೀತು ಎನ್ನುವವರ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡ. 2021ರ ಜನವರಿಯಲ್ಲಿ ಕೇಂದ್ರ ಸರಕಾರ ಅಂಗವಿಕಲರಿಗೆ ತಕ್ಕದ್ದೆಂದು 3,566 ಹುದ್ದೆಗಳನ್ನು ಗುರುತಿಸಿದೆ. ಅಂಧರಿಗೆ ಹೊಂದುವ ಹುದ್ದೆಯ ಎದುರು ‘ಬಿ’ ಎಂದೂ ಮಂದದೃಷ್ಟಿಯವರಿಗೆ ಹೊಂದುವುದರ ಎದುರು ‘ಎಲ್‌ವಿ’ ಎಂದೂ ಇರುತ್ತದೆ. ನ್ಯಾಯಾಧೀಶರ ಹುದ್ದೆಗೂ ದೃಷ್ಟಿದೋಷ ಅಡ್ಡಿಯಲ್ಲ ಎಂದು 2025ರ ಮಾರ್ಚ್ 3ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 34ನೇ ಕಲಮಿನಲ್ಲಿ ನೂರಕ್ಕೆ ನಾಲ್ಕು ಮೀಸಲಾತಿ ಇದೆ. ಅದರಲ್ಲಿ ಒಂದು ಅಂಧರಿಗೂ ಮಂದದೃಷ್ಟಿಯವರಿಗೂ ಸೇರಿ. ತಕ್ಕ ಅಭ್ಯರ್ಥಿ ಸಿಗದಿದ್ದರೆ ಆ ಜಾಗ ಮುಂದಿನ ವರ್ಷಕ್ಕೆ ಹೋಗಬೇಕು. ಕಾನೂನು ಇಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು. ನಮ್ಮವರು ಸೋಲುವುದು ಕಾನೂನಿನಲ್ಲಿ ಅಲ್ಲ, ಕೇಳಬೇಕಾದ್ದನ್ನು ಸಮಯಕ್ಕೆ ಸರಿಯಾಗಿ ಬರೆದು ಕೇಳದೆ ಇರುವುದರಲ್ಲಿ.

ಮೊದಲು ಅಂಗವೈಕಲ್ಯದ ಸರ್ಟಿಫಿಕೇಟು. ಶೇಕಡಾವಾರು 40 ಅಥವಾ ಹೆಚ್ಚು ಇದೆಯೇ, ಅಂಧತ್ವವೋ ಮಂದದೃಷ್ಟಿಯೋ ಎಂದು ಸ್ಪಷ್ಟವಾಗಿ ಬರೆದಿದೆಯೇ, ಶಾಶ್ವತವೋ ತಾತ್ಕಾಲಿಕವೋ ಎಂದು ಯಾರಿಂದಾದರೂ ಓದಿಸಿ ನೋಡು. ತಾತ್ಕಾಲಿಕವಾದರೆ ದಾಖಲೆ ಪರಿಶೀಲನೆಯ ಹೊತ್ತಿಗೆ ಅವಧಿ ಮುಗಿದು ಕೆಲಸ ಕೈತಪ್ಪುವ ಅಪಾಯ ಉಂಟು. ಕನ್ನಡಕ ಹಾಕಿದ ಮೇಲೆ ಎರಡರಲ್ಲಿ ಚೆನ್ನಾಗಿರುವ ಕಣ್ಣಿಗೆ ಎಷ್ಟು ಕಾಣುತ್ತದೆ ಎಂಬುದೇ ಲೆಕ್ಕ. ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿಯಿದ್ದರೆ 30 ಮಾತ್ರ, ಮೀಸಲಾತಿ ಇಲ್ಲ.

ಇನ್ನು ಸ್ಕ್ರೈಬ್, ಅಂದರೆ ಪ್ರಶ್ನೆ ಓದಿ ಹೇಳಿ ನಿನ್ನ ಉತ್ತರ ಬರೆಯುವವರು. ಕಾಸರಗೋಡಿನವರಿಗೆ ದೊಡ್ಡ ತೊಡಕು ಇದೇ. ಕನ್ನಡ ಪ್ರಶ್ನೆಪತ್ರಿಕೆ ಆರಿಸಿಕೊಂಡು ಮಲಯಾಳ ಮಾತ್ರ ಓದಬಲ್ಲ ಸ್ಕ್ರೈಬ್ ಸಿಕ್ಕಿದರೆ ಅಲ್ಲಿಗೆ ಮುಗಿಯಿತು. ಸ್ಕ್ರೈಬನ್ನು ಅವರೇ ಕೊಡುತ್ತಾರೋ ನಾವೇ ಕರೆದೊಯ್ಯಬೇಕೋ, ಅವರ ಓದು ಎಷ್ಟಿರಬೇಕು ಎಂಬ ನಿಯಮ ಆಗಾಗ ಬದಲಾಗುತ್ತದೆ. ಆದ್ದರಿಂದ ಪ್ರತಿಸಲ ಅಧಿಸೂಚನೆಯನ್ನೇ ಓದಿಸಿಕೋ. ‘ಕನ್ನಡ ಸರಾಗವಾಗಿ ಓದಬಲ್ಲ ಸ್ಕ್ರೈಬ್ ಬೇಕು’ ಎಂದು ಅರ್ಜಿಯಲ್ಲೇ ಬರೆದು, ಸರ್ಟಿಫಿಕೇಟಿನ ಪ್ರತಿ ಇಟ್ಟು, ಜಿಲ್ಲಾ ಪಿಎಸ್‌ಸಿ ಕಚೇರಿಗೆ ಕೊಡು. ನಿನ್ನ ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಬರಬೇಡ. ಬಾಯಿಮಾತಿನ ‘ಆಯ್ತು, ನೋಡುವ’ ಪರೀಕ್ಷೆಯ ದಿನ ಕೆಲಸಕ್ಕೆ ಬರುವುದಿಲ್ಲ.

ನೀನೇ ಆರಿಸಿಕೊಳ್ಳುವುದಾದರೆ, ಮನೆಯಲ್ಲಿ ಕನ್ನಡವೋ ತುಳುವೋ ಮಾತಾಡಿ ಮಲಯಾಳ ಮೀಡಿಯಂನಲ್ಲಿ ಕಲಿತ ಮಕ್ಕಳ ವಿಷಯದಲ್ಲಿ ಹುಷಾರು. ಮಾತು ಚಂದ, ಓದುವಾಗ ತಡವರಿಸುತ್ತಾರೆ. ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ಪೂರ್ತಿ ಗಟ್ಟಿಯಾಗಿ ಓದಿಸು. ‘ಇವುಗಳಲ್ಲಿ ಸರಿಯಲ್ಲದ್ದು ಯಾವುದು’ ಎಂಬಲ್ಲಿ ‘ಅಲ್ಲದ್ದು’ ನುಂಗಿಹೋಗುತ್ತದೆಯೇ ಎಂದು ಕೇಳು. ಹೇಳಿಕೆ ಒಂದು, ಎರಡು, ಮೂರು ಎಂದು ಬರುವ ಪ್ರಶ್ನೆಯಲ್ಲಿ ಮೊದಲು ಆಯ್ಕೆಗಳನ್ನು ಓದಿಸು, ಅರ್ಧಕ್ಕರ್ಧ ಅಲ್ಲೇ ಕಳಚುತ್ತವೆ. ಉತ್ತರಪತ್ರಿಕೆಯ ಗುಳ್ಳೆ ತುಂಬುವ ಮುಂಚೆ ಸ್ಕ್ರೈಬ್ ‘ಇಪ್ಪತ್ತೇಳು, ಸಿ’ ಎಂದು ತಿರುಗಿ ಹೇಳಬೇಕು, ಹತ್ತು ಪ್ರಶ್ನೆಗೊಮ್ಮೆ ಕ್ರಮಸಂಖ್ಯೆ ನೋಡಬೇಕು. ಒಂದು ಸಾಲು ಜಾರಿದರೆ ಅಲ್ಲಿಂದ ಮುಂದಿನದ್ದೆಲ್ಲ ತಪ್ಪು, ತಪ್ಪೊಂದಕ್ಕೆ ಅಂಕದ ಮೂರನೇ ಒಂದು ಪಾಲು ಕೈಯಿಂದ ಹೋಗುತ್ತದೆ. ಬುಕ್‌ಲೆಟ್ಟಿನ ಎ, ಬಿ, ಸಿ, ಡಿ ಕೋಡನ್ನೂ ಓದಿ ಹೇಳಿಸು.

ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಎಂದು 2018ರ ಕೇಂದ್ರ ಮಾರ್ಗಸೂಚಿಯಲ್ಲಿ ಇತ್ತು, ಅಂದರೆ ಒಂದೂವರೆ ಗಂಟೆಗೆ 30 ನಿಮಿಷ. ಶುರುವಾಗುವ ಮುಂಚೆಯೇ ಮೇಲ್ವಿಚಾರಕರ ಹತ್ತಿರ ಮುಗಿಯುವ ಹೊತ್ತನ್ನು ಕೇಳಿಟ್ಟುಕೋ. ಟೇಲರ್ ಫ್ರೇಮ್ (ಮುಟ್ಟಿ ಲೆಕ್ಕ ಮಾಡುವ ಹಲಗೆ), ಅಬಾಕಸ್, ಬ್ರೈಲ್ ಸ್ಲೇಟಿಗೆ ಅದೇ ಮಾರ್ಗಸೂಚಿಯಲ್ಲಿ ಅನುಮತಿ ಇತ್ತು. ಲೆಕ್ಕವನ್ನೆಲ್ಲ ತಲೆಯಲ್ಲೇ ಹೊರಬೇಡ.

ಓದಿಗೆ ಕಂಪ್ಯೂಟರಿನ ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಸಾಕು, ದುಡ್ಡು ಕೊಡಬೇಕಾಗಿಲ್ಲ. ಆದರೆ ಹಳೆಯ ನೋಟ್ಸು ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿದ್ದರೆ ಅದು ಏನೇನೋ ಒದರುತ್ತದೆ, ಪುಟದ ಫೋಟೋ ತೆಗೆದು ಮಾಡಿದ ಪಿಡಿಎಫ್ ಆದರೆ ತುಟಿ ಪಿಟಕ್ಕೆನ್ನುವುದಿಲ್ಲ. ಕೊಟ್ಟವರ ಹತ್ತಿರ ಯೂನಿಕೋಡಿನದ್ದೇ ಕೇಳು, ಸಂಕೋಚ ಬೇಡ. ಕೆಲಸ ಸಿಕ್ಕಿದ ಮೇಲೂ ಇಂಥದ್ದೇ ಕೇಳಬೇಕಾಗುತ್ತದೆ. ಕಾಯ್ದೆಯ 20ನೇ ಕಲಮು ಅದಕ್ಕೇ ಇರುವುದು. ದೂರು ಕೇಳುವ ಅಧಿಕಾರಿಯೊಬ್ಬರು ಪ್ರತಿ ಸರಕಾರಿ ಸಂಸ್ಥೆಯಲ್ಲೂ ಇರಬೇಕೆಂದು 23ನೇ ಕಲಮು ಹೇಳುತ್ತದೆ.

ಆನ್‌ಲೈನ್ ಸೇವೆಯ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿಸಿ ಸುಮ್ಮನಿರಬೇಡ. ಆಮೇಲೆ ಪಿಎಸ್‌ಸಿ ಪ್ರೊಫೈಲಿನಲ್ಲಿ ಪರೀಕ್ಷೆ ಬರೆಯುತ್ತೇನೆ ಎಂದು ಕನ್‌ಫರ್ಮೇಶನ್ ಕೊಡದಿದ್ದರೆ ಹಾಲ್ ಟಿಕೆಟ್ ಬರುವುದೇ ಇಲ್ಲ. ಪಾಸ್‌ವರ್ಡು ನಿನ್ನ ಹತ್ತಿರವೇ ಇರಲಿ, ಅಂಗಡಿಯವರ ನೋಟುಪುಸ್ತಕದಲ್ಲಿ ಬೇಡ. ಹೋಗುವಾಗ ಎಸ್‌ಎಸ್‌ಎಲ್‌ಸಿ ಬುಕ್ಕು, ಆಧಾರ್, ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡು ಮೂರನ್ನೂ ಕೊಂಡುಹೋಗಿ ಇನಿಷಿಯಲ್ ಒಂದೇ ತರ ಉಂಟಾ ಎಂದು ಮೊದಲು ನೋಡಿಸು. ಬೇರೆ ಇದ್ದರೆ ಅರ್ಜಿಗೆ ಮುಂಚೆಯೇ ತಿದ್ದಿಸಬೇಕು, ನನಗೆ ಫೋನು ಮಾಡು.

ಇಂತಿ,
ನಿನ್ನ ದೊಡ್ಡಪ್ಪ