ಆಸ್ಪತ್ರೆ ಮುಂದಿನ ಸೊಪ್ಪು: ಟಾಡ್‌ಮರ್ಡನ್‌ನಿಂದ ಅಕ್ಕನಿಗೆ

ಟಾಡ್‌ಮರ್ಡನ್, ಇಂಗ್ಲೆಂಡ್
ಭಾನುವಾರ ರಾತ್ರಿ

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ಹೆಲ್ತ್ ಸೆಂಟರ್ ಮುಂದೆ ಬೆಳೆದ ಸೊಪ್ಪು ಕಿತ್ತು ತಂದು ಸಾರು ಮಾಡಿದೆ ಅಂತ ಫೋನಿನಲ್ಲಿ ಹೇಳಿದ್ದಕ್ಕೆ ಅಮ್ಮ ಗಾಬರಿಯಾದರಂತಲ್ಲ. ಅವರಿಗೆ ಹೇಳು, ಅದು ಕದ್ದದ್ದಲ್ಲ. ಯಾರು ಬೇಕಾದರೂ ಕಿತ್ತುಕೊಳ್ಳಲಿ ಅಂತಲೇ ಅದನ್ನು ಅಲ್ಲಿ ಹಾಕಿದ್ದಾರೆ. ಫೋನಿನಲ್ಲಿ ಇದನ್ನೆಲ್ಲ ಸರಿಯಾಗಿ ಹೇಳಲು ಆಗುವುದಿಲ್ಲ. ನೀನೂ ಬಿಡಿಸಿ ಬರಿ ಅಂದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮ ಊರು ಮ್ಯಾಂಚೆಸ್ಟರ್‌ಗೂ ಲೀಡ್ಸ್‌ಗೂ ನಡುವೆ ಇದೆ. ಇವರು ಕೆಲಸಕ್ಕೆ ರೈಲಿನಲ್ಲಿ ಮ್ಯಾಂಚೆಸ್ಟರ್‌ಗೆ ಹೋಗಿ ಬರುತ್ತಾರೆ. ಜನ ಸುಮಾರು 15,000 ಇರಬಹುದು ಅಷ್ಟೆ. ಎರಡೂ ಕಡೆ ಕಡಿದಾದ ಗುಡ್ಡ, ನಡುವೆ ಇಕ್ಕಟ್ಟಾದ ಕಣಿವೆ. ಆ ಕಣಿವೆಯೊಳಗೇ ಕಾಲ್ಡರ್ ನದಿ, ರಾಚ್‌ಡೇಲ್ ಕಾಲುವೆ, ರಸ್ತೆ, ರೈಲು, ಮನೆಗಳು ಎಲ್ಲ ಒತ್ತಿಕೊಂಡಿವೆ. ಪುರಭವನದ ಅಡಿಯಲ್ಲೇ ಒಂದು ಹೊಳೆ ಹರಿಯುತ್ತದೆ ಅಂದರೆ ನೋಡು. ಒಂದು ಕಾಲದಲ್ಲಿ ಇಲ್ಲೆಲ್ಲ ಹತ್ತಿ ಗಿರಣಿಗಳಿದ್ದವು. ಅವು ಮುಚ್ಚಿದ ಮೇಲೆ ಕೆಲಸ ಹುಡುಕಿಕೊಂಡು ತುಂಬಾ ಜನ ಊರು ಬಿಟ್ಟರು. ಗಿರಣಿ ಕೆಲಸಕ್ಕೆ ಅಂತ ಪಾಕಿಸ್ತಾನದ ಕಡೆಯಿಂದ ಬಂದು ಇಲ್ಲೇ ನೆಲೆಸಿದವರ ಮಕ್ಕಳು, ಮೊಮ್ಮಕ್ಕಳು ಈಗಲೂ ಇದ್ದಾರೆ. ಅವರ ಅಂಗಡಿಯಲ್ಲೇ ನನಗೆ ಕೊತ್ತಂಬರಿ, ಹಸಿಮೆಣಸು ಸಿಗುವುದು.

2008ರಲ್ಲಿ ಇಲ್ಲಿ ಕೆಲವರು ಸೇರಿ ಒಂದು ಕೆಲಸ ಶುರು ಮಾಡಿದರು. ಹೆಸರು ಇನ್‌ಕ್ರೆಡಿಬಲ್ ಎಡಿಬಲ್. ಮುಂದೆ ನಿಂತವರು ಪ್ಯಾಮ್ ವಾರ್‌ಹರ್ಸ್ಟ್ ಮತ್ತು ಮೇರಿ ಕ್ಲಿಯರ್ ಅಂತ ಇಬ್ಬರು ಹೆಂಗಸರು. ಪ್ಯಾಮ್ ಹಿಂದೆ ಇಲ್ಲಿನ ಕಾಲ್ಡರ್‌ಡೇಲ್ ಕೌನ್ಸಿಲನ್ನೇ (ನಮ್ಮ ಕಡೆಯ ಪಾಲಿಕೆ ಥರದ್ದು) ನಡೆಸಿದ್ದವರು. ಅಂದರೆ ಅರ್ಜಿ, ಸಭೆ, ವರದಿ ಇವೆಲ್ಲ ಎಷ್ಟು ನಿಧಾನ ಅಂತ ಒಳಗಿನಿಂದಲೇ ನೋಡಿದವರು. ಹವಾಮಾನ ಹದಗೆಡುತ್ತಿದೆ, ಮಕ್ಕಳ ಕಾಲಕ್ಕೆ ಏನು ಗತಿ, ಆದರೆ ಸಾಮಾನ್ಯ ಜನಕ್ಕೆ ಕೈಯಲ್ಲಿ ಮಾಡುವ ಕೆಲಸ ಏನೂ ಕಾಣುತ್ತಿಲ್ಲ, ಹಾಗಾದರೆ ಎಲ್ಲರಿಗೂ ಅರ್ಥವಾಗುವ ಒಂದು ವಿಷಯ ಹಿಡಿಯೋಣ ಅಂತ ಯೋಚಿಸಿ ಊಟವನ್ನು ಹಿಡಿದರು. ಊಟ ಯಾರಿಗೆ ಬೇಡ? 'ಉಣ್ಣುವವರೆಲ್ಲ ನಮ್ಮವರೇ' ಅನ್ನುವುದೇ ಅವರ ಮಾತು. ಅದರಲ್ಲಿ ಪಕ್ಷ ಇಲ್ಲ, ಚರ್ಚ್ ಇಲ್ಲ, ಮಸೀದಿ ಇಲ್ಲ, ಓದಿದವರು ಓದದವರು ಅಂತಲೂ ಇಲ್ಲ.

ಯೋಜನೆ ಬರೆದು ಯಾರಿಗೋ ಒಪ್ಪಿಸಲಿಲ್ಲ. ದುಡ್ಡಿಗೆ ಕಾಯಲಿಲ್ಲ. ರಸ್ತೆ ಪಕ್ಕ ಪಾಳುಬಿದ್ದ ತುಂಡು ನೆಲ ಕಂಡಲ್ಲಿ ಗಿಡ ನೆಟ್ಟರು. ರೈಲ್ವೆ ಸ್ಟೇಷನ್ನಿನಲ್ಲಿ ಅಡುಗೆ ಸೊಪ್ಪು ಹಾಕಿದರು. ಪೊಲೀಸ್ ಸ್ಟೇಷನ್ ಎದುರು ಮುಸುಕಿನ ಜೋಳ ಬೆಳೆದರು. ಮೇರಿ ಕ್ಲಿಯರ್ ತಮ್ಮ ಮನೆಯ ಮುಂದಿನ ಕಾಂಪೌಂಡ್ ಗೋಡೆ ತಗ್ಗಿಸಿ, ಅಂಗಳದ ತುಂಬಾ ತರಕಾರಿ ಹಾಕಿ, ಬೇಕಾದವರು ತೆಗೆದುಕೊಳ್ಳಿ ಅಂತ ಬರೆದಿಟ್ಟರು. ಹೊಸದಾಗಿ ಕಟ್ಟಿದ ಹೆಲ್ತ್ ಸೆಂಟರ್ ಸುತ್ತ ಅಂದಕ್ಕೆ ಅಂತ ಮುಳ್ಳಿನ ಪೊದೆ ನೆಟ್ಟಿದ್ದರಂತೆ. ಡಾಕ್ಟರುಗಳನ್ನು ಕೇಳಿ ಅದನ್ನೆಲ್ಲ ಕಿತ್ತು, ಹಣ್ಣಿನ ಗಿಡ ಮತ್ತು ಔಷಧಿ ಸೊಪ್ಪು ಹಾಕಿದರು. ಅಮ್ಮ ಗಾಬರಿಯಾಗಿದ್ದು ಇದೇ ಜಾಗದ ಸೊಪ್ಪಿಗೆ!

ಮೊದಮೊದಲು ಜನ ಮುಟ್ಟುತ್ತಿರಲಿಲ್ಲವಂತೆ. ನಿಜವಾಗಲೂ ಪುಕ್ಕಟೆನಾ ಅಂತ ಅನುಮಾನ. ನಾನೂ ಹೊಸದರಲ್ಲಿ ಒಂದು ಎಲೆ ಕಿತ್ತು ಸುತ್ತಮುತ್ತ ನೋಡುತ್ತಿದ್ದೆ. ಎಲ್ಲವನ್ನೂ ಒಬ್ಬರೇ ಕಿತ್ತುಕೊಂಡು ಹೋದರೆ ಅಂತ ನೀನು ಕೇಳುತ್ತೀಯ, ಗೊತ್ತು. ಅಪರೂಪಕ್ಕೆ ಹಾಗೂ ಆಗುತ್ತದೆ. ಅವರಿಗೆ ಬೇಕಿತ್ತೇನೋ ಅಂತ ಅಂದುಕೊಂಡು ಗುಂಪಿನವರು ಮತ್ತೆ ನೆಡುತ್ತಾರೆ. ಕಾವಲು ಇಡುವ ಖರ್ಚಿಗಿಂತ ಸಸಿಯ ಖರ್ಚು ಕಡಿಮೆ ಅಲ್ವಾ?

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಈ ಗಿಡಗಳಿಂದ ಊರಿನ ಹೊಟ್ಟೆ ತುಂಬುವುದಿಲ್ಲ. ವರ್ಷದಲ್ಲಿ ಅರ್ಧ ಕಾಲ ಇಲ್ಲಿ ಚಳಿ, ಮಳೆ. ನಾವೆಲ್ಲ ಸೂಪರ್ ಮಾರ್ಕೆಟ್ಟಿಗೆ ಹೋಗಿಯೇ ಹೋಗುತ್ತೇವೆ. ಹಾಗಾದರೆ ಇದರಿಂದ ಏನಾಯಿತು ಅಂತ ನಾನೂ ತುಂಬಾ ದಿನ ಯೋಚಿಸಿದ್ದೇನೆ. ನನಗೆ ಕಾಣುವುದು ಇಷ್ಟು. ಇಲ್ಲಿ ಮಣ್ಣು ಕೆದಕುವ ನೆಪದಲ್ಲಿ ಒಬ್ಬರಿಗೊಬ್ಬರು ಪರಿಚಯವಾದರು. ಭಾನುವಾರ ಕೆಲಸಕ್ಕೆ ಅಂತ ಸೇರುತ್ತೇವಲ್ಲ, ಅಲ್ಲಿ ನಿವೃತ್ತ ಮೇಷ್ಟ್ರು ಇರುತ್ತಾರೆ, ಲಾರಿ ಓಡಿಸುವವರು ಇರುತ್ತಾರೆ, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಬಂದ ಅಮ್ಮಂದಿರು, ಯಾರ ಜೊತೆಗೂ ಜಾಸ್ತಿ ಮಾತಾಡದೆ ಸುಮ್ನೆ ಕಳೆ ಕೀಳುವ ಒಬ್ಬ ಹುಡುಗ. ಕೆಲಸ ಮುಗಿದ ಮೇಲೆ ಒಟ್ಟಿಗೆ ಊಟ. ನಾನು ಚಿತ್ರಾನ್ನ ಮಾಡಿಕೊಂಡು ಹೋಗುತ್ತೇನೆ, ಪಾತ್ರೆ ಖಾಲಿಯಾಗಿಯೇ ವಾಪಸ್ ಬರುತ್ತದೆ. ಯಾರ ಮನೆಯಲ್ಲಿ ಏಣಿ ಇದೆ, ಯಾರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ಯಾರು ಒಬ್ಬರೇ ಇದ್ದಾರೆ ಅಂತ ಹೀಗೆಯೇ ಗೊತ್ತಾಗುತ್ತದೆ.

ಮೊಟ್ಟೆಯ ಕಥೆಯನ್ನೂ ಹೇಳಿಬಿಡುತ್ತೇನೆ. ಊರಲ್ಲಿ ಕೋಳಿ ಸಾಕಿ ಮೊಟ್ಟೆ ಮಾರುವವರ ಮನೆಗಳನ್ನು ಒಂದು ನಕ್ಷೆಯಲ್ಲಿ ಗುರುತು ಹಾಕಿದರು. ಬೇರೇನೂ ಮಾಡಲಿಲ್ಲ, ಬರೀ ನಕ್ಷೆ. ಅದನ್ನು ನೋಡಿ ಇನ್ನಷ್ಟು ಜನ ಕೋಳಿ ಸಾಕಿದರು, ಜನರೂ ಹುಡುಕಿಕೊಂಡು ಹೋಗಿ ಕೊಂಡರು. ಆಮೇಲೆ ಕೌನ್ಸಿಲ್‌ನವರೂ ದಾರಿಗೆ ಬಂದು, ಖಾಲಿ ಬಿದ್ದಿರುವ ತಮ್ಮ ಜಾಗಗಳ ಪಟ್ಟಿ ಮಾಡಿ, ಜನ ಅಲ್ಲಿ ಬೆಳೆಯಬಹುದು ಅಂತ ಪರವಾನಗಿ ಕೊಡುವ ಪದ್ಧತಿ ಮಾಡಿದರು. ಕ್ರಮ ನೋಡು, ಮೊದಲು ಗಿಡ, ಆಮೇಲೆ ಕಾಗದ. ಈಗ ಇದೇ ಹೆಸರಿನಲ್ಲಿ ಬ್ರಿಟನ್ನಿನ ನೂರಕ್ಕೂ ಹೆಚ್ಚು ಕಡೆ ಗುಂಪುಗಳಿವೆ, ಫ್ರಾನ್ಸಿನಲ್ಲೂ ಬಹಳ ಹಬ್ಬಿದೆ.

ಈ ಪರಿಚಯ ಎಷ್ಟು ಮುಖ್ಯ ಅಂತ ಗೊತ್ತಾಗುವುದು ನೀರು ಬಂದಾಗ.

2015ರ ಕ್ರಿಸ್‌ಮಸ್ ಮಾರನೇ ದಿನ ಈ ಕಣಿವೆಗೆ ದೊಡ್ಡ ಪ್ರವಾಹ ಬಂತು. ಕಾಲ್ಡರ್‌ಡೇಲ್‌ನಲ್ಲಿ 2,700ಕ್ಕೂ ಜಾಸ್ತಿ ಮನೆಗಳಿಗೆ ನೀರು ನುಗ್ಗಿತು, ಅಂಗಡಿ, ಉದ್ಯಮಗಳೂ ಸಾವಿರಕ್ಕೆ ಮೇಲೆ. ಆಗ ನಾವು ಇಲ್ಲಿ ಇರಲಿಲ್ಲ, ಆದರೆ ಅದರ ಮಾತು ಬಾರದ ದಿನವಿಲ್ಲ. ಹಬ್ಬದ ರಜೆ, ಕಚೇರಿಗಳೆಲ್ಲ ಮುಚ್ಚಿವೆ. ಮೊದಲು ಬಾಗಿಲು ತಟ್ಟಿದವರು ಅಕ್ಕಪಕ್ಕದವರೇ. ಸಲಿಕೆ, ಬಕೆಟ್ಟು, ಬಿಸಿ ಸೂಪು ಹಿಡಿದುಕೊಂಡು ಬಂದರು. ದೂರದಿಂದ ಸೇವಾ ಸಂಸ್ಥೆಯಾದ ಖಾಲ್ಸಾ ಏಡ್‌ನ ಸಿಖ್ಖರು ಬಂದು ಈ ಕಣಿವೆಯ ಕೆಸರು ಬಳಿದು ಊಟ ಹಾಕಿದ್ದನ್ನು ಜನ ಇವತ್ತಿಗೂ ನೆನೆಯುತ್ತಾರೆ.

2020ರ ಫೆಬ್ರವರಿಯಲ್ಲಿ ಮತ್ತೆ ಬಂತು, ಸಿಯಾರಾ ಅನ್ನುವ ಬಿರುಗಾಳಿಯ ಜೊತೆ. ಆಗ ನಾವು ಇದ್ದೆವು. ಪ್ರವಾಹ ಬರುವ ಮುಂಚೆ ಇಲ್ಲಿ ಸೈರನ್ ಕೂಗುತ್ತದೆ ಅಕ್ಕ, ಹಳೆಯ ಯುದ್ಧದ ಕಾಲದ ಸೈರನ್ ಥರ. ಅದನ್ನು ಕೇಳಿದರೆ ಹೊಟ್ಟೆಯೊಳಗೆ ನಡುಕ. ನಮ್ಮ ಮನೆ ಸ್ವಲ್ಪ ಮೇಲಿದೆ, ನೀರು ಬರಲಿಲ್ಲ. ಕೆಳಗಿನ ಬೀದಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ನನಗೆ ಗಿಡ ಕತ್ತರಿಸುವುದನ್ನು ಕಲಿಸಿದವರು. ನಮ್ಮ ಮನೆಯವರೂ ನಾನೂ ಓಡಿದೆವು. ನಾವು ಹೋಗುವ ಹೊತ್ತಿಗೆ ಭಾನುವಾರದ ಗುಂಪಿನ ಇಬ್ಬರು ಆಗಲೇ ಅವರ ಕಾರ್ಪೆಟ್ ಸುತ್ತಿ ಮಹಡಿಗೆ ಸಾಗಿಸುತ್ತಿದ್ದರು. ಯಾರೂ ಯಾರನ್ನೂ ಕರೆದಿರಲಿಲ್ಲ. ಅಜ್ಜಿ ಒಬ್ಬರೇ ಇರುತ್ತಾರೆ, ಫ್ರಿಜ್ ಎತ್ತಲಾಗುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು, ಅಷ್ಟೇ. ಈ ಗೊತ್ತಿರುವುದನ್ನು ಯಾವ ಸರ್ಕಾರವೂ ಒಂದೇ ದಿನದಲ್ಲಿ ತಂದುಕೊಡಲಾರದು.

ಪ್ರವಾಹ ಇಷ್ಟು ಬೇಗ ಬರುವುದಕ್ಕೆ ಕಾರಣ ಮೇಲಿನ ಗುಡ್ಡಗಳು. ಮರವಿಲ್ಲದ ಬೋಳು ಗುಡ್ಡ, ಹಾಳಾದ ಜೌಗು ನೆಲ. ಬಿದ್ದ ಮಳೆ ನಿಲ್ಲದೆ ನೇರ ಕಣಿವೆಗೆ ಜಾರುತ್ತದೆ. 2015ರ ನಂತರ ಸ್ಲೋ ದಿ ಫ್ಲೋ ಅಂತ ಒಂದು ಗುಂಪು ಶುರುವಾಯಿತು. ಪಕ್ಕದ ಹೆಬ್ಡನ್ ಬ್ರಿಜ್ ಹತ್ತಿರ ಹಾರ್ಡ್‌ಕ್ಯಾಸಲ್ ಕ್ರ್ಯಾಗ್ಸ್ ಅನ್ನುವ ಕಾಡಿದೆ. ಅಲ್ಲಿನ ಸಣ್ಣ ಸಣ್ಣ ತೊರೆಗಳಿಗೆ ಮರದ ದಿಮ್ಮಿಗಳನ್ನು ಅಡ್ಡ ಇಟ್ಟು ನೂರಾರು ಅಡ್ಡಗಟ್ಟೆ ಮಾಡಿದ್ದಾರೆ. ನಮ್ಮ ಕರಾವಳಿ ಕಡೆ ಬೇಸಿಗೆಗೆ ನೀರು ನಿಲ್ಲಿಸಲು ಕಟ್ಟ ಹಾಕುತ್ತಾರಲ್ಲ, ಇದು ಹಾಗಲ್ಲ. ಇದು ಸೋರಲೇಬೇಕು. ಮಾಮೂಲಿ ದಿನ ನೀರು ದಿಮ್ಮಿಯ ಅಡಿಯಲ್ಲಿ ಆರಾಮಾಗಿ ಹೋಗುತ್ತದೆ. ಜೋರು ಮಳೆಯಲ್ಲಿ ಮಾತ್ರ ತಡೆದು, ಪಕ್ಕದ ಕಾಡಿಗೆ ಹರಡಿ, ನಿಧಾನವಾಗಿ ಬಿಡುತ್ತದೆ. ಎಲ್ಲ ತೊರೆಗಳ ನೀರೂ ಒಂದೇ ಸಲ ಊರಿಗೆ ಬಂದು ಬೀಳಬಾರದು ಅನ್ನುವುದು ಉದ್ದೇಶ. ಕಟ್ಟುವವರೆಲ್ಲ ಸಾಮಾನ್ಯ ಜನ, ರಜೆಯ ದಿನ ಬೂಟು ಹಾಕಿಕೊಂಡು ಬರುವವರು. ನಾನೂ ಹೋಗಿದ್ದೇನೆ. ಕೈಯೆಲ್ಲ ಬೊಬ್ಬೆ, ಆದರೆ ಅವತ್ತು ರಾತ್ರಿ ಎಂಥ ನಿದ್ದೆ ಅಂತೀಯ!

ಇದರಿಂದಲೇ ಪ್ರವಾಹ ನಿಲ್ಲುತ್ತದೆ ಅಂತ ಅವರೂ ಹೇಳುವುದಿಲ್ಲ. ನದಿ ಬದಿಯ ಗೋಡೆ, ಚರಂಡಿ, ಪಂಪು ಇವೆಲ್ಲ ಸರ್ಕಾರವೇ ಮಾಡಬೇಕು. ಜನ ಮಾಡುತ್ತಾರಲ್ಲ ಅಂತ ಹೇಳಿ ಸರ್ಕಾರ ಕೈ ತೊಳೆದುಕೊಳ್ಳುವುದು ತಪ್ಪು. ಆ ಭಯ ನನಗೂ ಇದೆ. ಆದರೆ ಕೆಲಸ ಮಾಡಿ ತೋರಿಸಿದ ಜನ ಗೋಡೆ ಬೇಕು ಅಂತ ಕೇಳಿದಾಗ ಆ ಮಾತಿಗೆ ತೂಕ ಬೇರೆ. ಹತ್ತು ಜನ ತೊರೆಯ ಪಕ್ಕ ನಿಂತು ನೀರಿನ ದಾರಿ ನೋಡಿದವರು ಸಭೆಗೆ ಹೋದರೆ ಯಾರೂ ಅವರಿಗೆ ಸುಳ್ಳು ನಕ್ಷೆ ತೋರಿಸಲಾಗುವುದಿಲ್ಲ.

ಇದನ್ನೆಲ್ಲ ಇಷ್ಟು ಉದ್ದ ಬರೆದದ್ದು ನಿಮ್ಮ ಮನೆ ಹಿಂದಿನ ಕನ್ಸರ್ವೆನ್ಸಿ ಗಲ್ಲಿಯ ಫೋಟೋ ನೋಡಿದ ಮೇಲೆ. ಸರಸ್ವತಿಪುರಂನ ಆ ಹಿಂದಿನ ಗಲ್ಲಿಯಲ್ಲಿ ನಾವು ಕುಂಟಾಬಿಲ್ಲೆ ಆಡಿದ್ದೇವೆ. ಅಲ್ಲಿ ಈಗ ಕಸದ ಚೀಲ, ಒಡೆದ ಕಮೋಡು, ಕಟ್ಟಡದ ಮಣ್ಣು. ಭಾವ ಎಷ್ಟು ಅರ್ಜಿ ಕೊಟ್ಟರೂ ಒಂದು ಸಲ ಗುಡಿಸಿ ಹೋಗುತ್ತಾರೆ, ವಾರದಲ್ಲಿ ಮತ್ತೆ ಅದೇ ಅಂತ ಬರೆದಿದ್ದೀಯ. ಮೈಸೂರು 2016ರಲ್ಲಿ ಸ್ವಚ್ಛ ಸರ್ವೇಕ್ಷಣೆಯಲ್ಲಿ ದೇಶಕ್ಕೇ ಮೊದಲು ಬಂದ ಊರು. ಕುಂಬಾರಕೊಪ್ಪಲಿನಲ್ಲಿ ಜನರೇ ನಿಂತು ಕಸ ಬೇರ್ಪಡಿಸಿ, ಗೊಬ್ಬರ ಮಾಡಿ, ಮಾರುವುದನ್ನು ಮಾರಿ ಘಟಕ ನಡೆಸಿ ತೋರಿಸಿದ್ದಾರೆ. ಬೆಂಗಳೂರಿನ ಜೆ.ಪಿ. ನಗರದಲ್ಲಿ ಪುಟ್ಟೇನಹಳ್ಳಿ ಕೆರೆಯನ್ನು ಪಾಲಿಕೆ ಸರಿ ಮಾಡಿಕೊಟ್ಟ ಮೇಲೆ ಉಳಿಸಿಕೊಂಡು ಬಂದದ್ದು ಅಲ್ಲಿನ ನಿವಾಸಿಗಳ ಟ್ರಸ್ಟು. ಆದ್ದರಿಂದ ಇಂಗ್ಲೆಂಡಿನವರಿಗೆ ಆಗುತ್ತದೆ, ನಮಗೆ ಆಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದೇ ಇಲ್ಲ.

ಇಡೀ ಗಲ್ಲಿ ಬೇಡ. ನಿಮ್ಮ ಹಿತ್ತಲ ಬಾಗಿಲಿನ ಎದುರು ಎಷ್ಟು ಜಾಗವಿದೆಯೋ ಅಷ್ಟೇ ಹಿಡಿಯಿರಿ. ಗುಡಿಸಿದ ದಿನವೇ ಕುಂಡ ಇಡಬೇಕು, ಒಂದು ರಾತ್ರಿ ಖಾಲಿ ಬಿಟ್ಟರೆ ಮತ್ತೆ ಚೀಲ ಬೀಳುತ್ತದೆ. ಅಲ್ಲಿ ಯುಜಿಡಿ (ಒಳಚರಂಡಿ) ಪೈಪು ಹೋಗಿರುವುದರಿಂದ ನೆಲಕ್ಕೆ ಏನೂ ನೆಡಬೇಡಿ. ಛೇಂಬರಿನ ಮುಚ್ಚಳಕ್ಕೆ ದಾರಿ ಬಿಟ್ಟು, ಹಳೇ ಡ್ರಮ್ಮು, ಸಿಮೆಂಟ್ ತೊಟ್ಟಿಗಳಲ್ಲಿ ಹೊರಗಿನಿಂದ ತಂದ ಒಳ್ಳೇ ಮಣ್ಣು ತುಂಬಿ. ದೊಡ್ಡಪತ್ರೆ ಕಡ್ಡಿ ಊರಿದರೆ ಸಾಕು, ಬರುತ್ತದೆ. ಪುದೀನ, ಬಸಳೆ, ಒಂದೆಲಗ, ಮಜ್ಜಿಗೆಹುಲ್ಲು, ಒಂದು ಕರಿಬೇವು. ನೋಡಿದ ಕೂಡಲೇ ತಿನ್ನುವ ಗಿಡ ಅಂತ ಗೊತ್ತಾಗುವಂಥವೇ ಇರಲಿ, ಊಟಕ್ಕೆ ಬರುವ ಗಿಡದ ಪಕ್ಕ ಕಸ ಎಸೆಯಲು ನಮ್ಮ ಜನಕ್ಕೆ ಕೈ ಬರುವುದಿಲ್ಲ. ಮತ್ತೆ, ಯಾರು ಬೇಕಾದರೂ ಕಿತ್ತುಕೊಳ್ಳಿ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದು ಹಾಕಿ. ಬೇಲಿ, ಬೀಗ ಬೇಡ.

ಹಿಂದಿನ ಸಾಲಿನ ಮನೆಯವರ ಜೊತೆ ನಿಮಗೆ ಮಾತಿಲ್ಲ ಅಂತ ಗೊತ್ತು. ಅವರ ಬಾಗಿಲೂ ಅದೇ ಗಲ್ಲಿಗೇ ತೆರೆಯುತ್ತದೆ. ಮೊದಲ ಪುದೀನ ಕಟ್ಟು ಅವರ ಮನೆಗೇ ಹೋಗಲಿ. ಭಾವನಿಗೆ ಅರ್ಜಿ ನಿಲ್ಲಿಸಬೇಡಿ ಅಂತ ಹೇಳು, ಆದರೆ ಮುಂದಿನ ಅರ್ಜಿಯಲ್ಲಿ ಅಕ್ಕಪಕ್ಕದ ಮನೆಯವರ ಸಹಿಯೂ ಇರಲಿ, ಗಿಡ ಇಟ್ಟ ಮೇಲಿನ ಫೋಟೋನೂ ಇರಲಿ.

ಇನ್ನೊಂದು ವಿಷಯ, ಇದು ಮುಖ್ಯ. ಶುರು ಮಾಡುವ ಮುಂಚೆ ನಿಮ್ಮ ಬೀದಿ ಗುಡಿಸಲು ಬರುವ ಪೌರಕಾರ್ಮಿಕ ಅಮ್ಮನನ್ನು ಕೂರಿಸಿ, ಕಾಫಿ ಕೊಟ್ಟು ಕೇಳು. ಯಾರು, ಯಾವ ಹೊತ್ತಿನಲ್ಲಿ, ಎಲ್ಲಿ ಎಸೆಯುತ್ತಾರೆ, ಗಾಡಿ ತಿರುಗಿಸಲು ಎಷ್ಟು ಜಾಗ ಬೇಕು ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ. ಅವರು ಹೇಳಿದ ಹಾಗೆ ಕುಂಡಗಳ ಜಾಗ ಗೊತ್ತು ಮಾಡಿ ನನಗೆ ತಿಳಿಸು. ಡ್ರಮ್ಮು, ಮಣ್ಣಿನ ಖರ್ಚು ನಾನು ಕಳಿಸುತ್ತೇನೆ.

ಅಮ್ಮನಿಗೆ, ಭಾವನಿಗೆ ನಮಸ್ಕಾರ. ಮಕ್ಕಳಿಗೆ ಮುತ್ತು.

ನಿನ್ನ ತಂಗಿ