ಬಿಚ್ಚದ ಕಟ್ಟು

ಪ್ರಿಯ ಯುವ ಮಿತ್ರರೇ,

ನಿಮ್ಮ ಪತ್ರವೂ ಅದರ ಜೊತೆಗಿದ್ದ ಹನ್ನೆರಡು ಪುಟಗಳ ಪ್ರಬಂಧವೂ ತಲುಪಿದವು. ಪ್ರಬಂಧವನ್ನು ಎರಡು ಸಲ ಓದಿದೆ. ಪತ್ರದ ಒಂದು ಸಾಲನ್ನು ಮಾತ್ರ ಐದಾರು ಸಲ ಓದಬೇಕಾಯಿತು. ಹೆಚ್ಚು ಓದಿದರೆ ಸ್ವಂತಿಕೆ ಕೆಡುತ್ತದೆಂಬ ಭಯದಿಂದ ವಚನಗಳನ್ನು ಬೇಕೆಂದೇ ಓದಿಲ್ಲ, ಅವುಗಳ ಅನುಭಾವವನ್ನು ನೇರವಾಗಿ ನಿಮ್ಮೊಳಗೇ ಕಂಡುಕೊಳ್ಳಲು ಬಯಸುತ್ತೀರಿ ಎಂದು ಬರೆದಿದ್ದೀರಿ. ಸಂಕೋಚವಿಲ್ಲದೆ ಹೇಳಿಕೊಂಡಿದ್ದೀರಿ, ಆದ್ದರಿಂದ ನಾನೂ ಮುಲಾಜಿಲ್ಲದೆ ಉತ್ತರಿಸುತ್ತೇನೆ.

ಏಳನೆಯ ಪುಟದಲ್ಲಿ ಅಲ್ಲಮಪ್ರಭುವಿನದೆಂದು ಒಂದು ವಚನವನ್ನು ಉದ್ಧರಿಸಿ, ಅದರ ಮೇಲೆ ಪುರುಷನ ವೈರಾಗ್ಯದ ಕುರಿತು ಒಂದೂವರೆ ಪುಟ ಕಟ್ಟಿದ್ದೀರಿ. ಆ ವಚನದ ಕೊನೆಯಲ್ಲಿರುವ ಅಂಕಿತ, ಎಂದರೆ ವಚನಕಾರರು ತಮ್ಮ ಗುರುತಾಗಿ ಬಳಸುವ ದೇವರ ಹೆಸರು, ಚೆನ್ನಮಲ್ಲಿಕಾರ್ಜುನ. ಅಲ್ಲಮನ ಅಂಕಿತ ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಅಕ್ಕಮಹಾದೇವಿಯದು. ಮೊಬೈಲಿನಲ್ಲಿ ಯಾರೋ ಕಳಿಸಿದ ಚಿತ್ರದಿಂದ ಎತ್ತಿಕೊಂಡಿರಬೇಕು, ಆ ಚಿತ್ರಗಳಲ್ಲಿ ಇಂಥದ್ದು ದಿನಕ್ಕೆ ಹತ್ತು ಸಿಗುತ್ತವೆ. ನಿಮಗೆ ಗೊತ್ತಿರಲಿಲ್ಲವೆಂದರೆ ನಂಬುತ್ತೇನೆ. ಆದರೆ ಬರೆಯುವಾಗ ಒಂದು ಗಳಿಗೆಯಾದರೂ ಅನುಮಾನ ಸುಳಿದಿರಲಿಲ್ಲವೆಂದರೆ ನಂಬಲಾರೆ. ಆ ಅನುಮಾನವನ್ನು ಬೆನ್ನಟ್ಟಿದ್ದರೆ ಒಂದೂವರೆ ಪುಟ ಕೈಬಿಟ್ಟುಹೋಗುತ್ತಿತ್ತು, ಅದಕ್ಕೇ ಬಿಟ್ಟಿರಿ. ಇದಕ್ಕೆ ನಮ್ಮಲ್ಲಿ ಜಾಣಕುರುಡು ಎಂಬ ಮಾತಿದೆ. ಕುರುಡಿಗೆ ಜಾಣತನವನ್ನು ಜೋಡಿಸಿದ ನಮ್ಮ ಜನ ಈ ರೋಗವನ್ನು ಹತ್ತಿರದಿಂದ ಕಂಡಿದ್ದರೆಂದೇ ಕಾಣುತ್ತದೆ.

ಇಷ್ಟು ಖಚಿತವಾಗಿ ಹೇಳಲು ನನಗಿರುವ ಅಧಿಕಾರ ಒಂದೇ, ನಾನೂ ಆ ಕುರುಡನ್ನು ಹದಿನೈದು ವರ್ಷ ಸಾಕಿಕೊಂಡಿದ್ದೆ. ನಮ್ಮ ಮನೆಯ ದೇವರ ಜಗಲಿಯ ಮೇಲೆ, ಲಿಂಗದ ಪಕ್ಕದಲ್ಲಿ, ಕೆಂಪು ಅರಿವೆಯಲ್ಲಿ ಸುತ್ತಿದ ಒಂದು ತಾಳೆಗರಿಯ ಕಟ್ಟು ಇತ್ತು. ಮುತ್ತಜ್ಜನ ಕಾಲದ್ದು. ದಿನಾ ಅದಕ್ಕೆ ವಿಭೂತಿ, ಹೂವು, ಶಿವರಾತ್ರಿಗೆ ಕರ್ಪೂರ. ಎರಡು ಪುಸ್ತಕ ಪ್ರಕಟವಾಗಿ ವೇದಿಕೆ ಹತ್ತಲು ಆರಂಭಿಸಿದ ಮೇಲೆ, ನಮ್ಮ ಮನೆಯಲ್ಲಿ ವಚನಗಳ ಓಲೆಗಳಿವೆ ಎಂದು ನಾನು ಊರೂರಿನಲ್ಲಿ ಹೇಳಿಕೊಂಡು ಚಪ್ಪಾಳೆ ಗಿಟ್ಟಿಸಿದ್ದೂ ಉಂಟು. ಬಿಚ್ಚಿ ನೋಡಿದ್ದೀರಾ ಎಂದು ಯಾರಾದರೂ ಕೇಳಿದರೆ, ಅಜ್ಜಿಯ ಮಡಿ, ಅವಳು ಮುಟ್ಟಗೊಡುವುದಿಲ್ಲ ಎನ್ನುತ್ತಿದ್ದೆ. ಅಜ್ಜಿಯನ್ನು ಒಂದು ಸಲವೂ ಕೇಳಿರಲಿಲ್ಲ.

ಕೊನೆಗೆ ಹಳೆಯ ಲಿಪಿ ಬಲ್ಲ ನಿವೃತ್ತ ಮೇಷ್ಟ್ರೊಬ್ಬರು ತಾವಾಗಿಯೇ ಮನೆಗೆ ಬಂದರು. ಅರಿವೆ ಬಿಚ್ಚಿದಾಗ ಮೊದಲು ಉದುರಿದ್ದು ಕಂದು ಬಣ್ಣದ ಪುಡಿ; ಹುಳುಗಳು ಅಂಚಿನಿಂದ ಒಳಕ್ಕೆ ಸುರಂಗ ಕೊರೆದಿದ್ದವು. ಮೇಷ್ಟ್ರು ನಿಂಬೆಹುಲ್ಲಿನ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ಒಂದೊಂದೇ ಗರಿಯನ್ನು ಒರೆಸಿ, ಮೇಲೆ ಮಸಿ ತಿಕ್ಕಿದರು. ಕಂಟವೆಂಬ ಕಬ್ಬಿಣದ ಲೇಖನಿಯಿಂದ ಕೊರೆದ ಗೀರುಗಳಲ್ಲಿ ಮಸಿ ನಿಂತು ಅಕ್ಷರಗಳು ಎದ್ದುಬಂದವು. ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲ. ಎಕಾರ ಒಕಾರಗಳು ಹ್ರಸ್ವವೋ ದೀರ್ಘವೋ ಎಂಬುದನ್ನು ಓದುವವನೇ ಅರ್ಥ ನೋಡಿಕೊಂಡು ನಿರ್ಧರಿಸಬೇಕು. ಅರ್ಧ ಗಂಟೆಯ ಮೇಲೆ ಅವರು ತಲೆಯೆತ್ತಿ, ಇದು ದನಕರುಗಳ ಔಷಧದ ಪುಸ್ತಕ ಎಂದರು. ಮೂರು ತಲೆಮಾರು ನಾವು ಕರ್ಪೂರ ಬೆಳಗಿದ್ದು ಎಮ್ಮೆಯ ಹೊಟ್ಟೆಯುಬ್ಬರದ ಮದ್ದಿಗೆ. ಕೊನೆಯ ಏಳು ಗರಿಗಳಲ್ಲಿ ಮಾತ್ರ ಕೆಲವು ವಚನಗಳಿದ್ದವು, ಅವುಗಳಲ್ಲಿ ನಾಲ್ಕು ಗರಿ ಓದಲಾಗದಷ್ಟು ತೂತುಬಿದ್ದಿದ್ದವು. ನಾನು ವೇದಿಕೆಯ ಮೇಲೆ ಹೆಮ್ಮೆಪಡುತ್ತಿದ್ದ ಆ ಹದಿನೈದು ವರ್ಷಗಳಲ್ಲಿಯೂ ಹುಳು ತನ್ನ ಕೆಲಸ ಬಿಟ್ಟಿರಲಿಲ್ಲ.

ಅಜ್ಜಿ ನೊಂದುಕೊಳ್ಳುತ್ತಾಳೆಂದು ಹೆದರಿದ್ದೆ. ಅವಳು, "ಎಮ್ಮೀದಾದ್ರೇನು, ಅದೂ ಜೀವಾನಽ ಅಲ್ಲೇನು?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ನೀ ಕೇಳಿದ್ರ ನಾ ಯಾವಾಗೋ ಕೊಡತಿದ್ನೆಲ್ಲೋ" ಎಂದಳು. ಆ ಎರಡನೆಯ ಮಾತಿಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಮರುದಿನವೂ ಅವಳು ಆ ಕಟ್ಟಿಗೆ ವಿಭೂತಿ ಹಚ್ಚಿದಳು. ಗೊತ್ತಾದದ್ದರಿಂದ ಅವಳ ಭಕ್ತಿ ಎಳ್ಳಷ್ಟೂ ಕುಂದಲಿಲ್ಲ, ನನ್ನ ಭಾಷಣ ಮಾತ್ರ ನಿಂತುಹೋಯಿತು.

ಫ. ಗು. ಹಳಕಟ್ಟಿಯವರ ದೊಡ್ಡತನ ನನಗೆ ಅರ್ಥವಾದದ್ದು ಆಮೇಲೆ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲರಾಗಿದ್ದ ಅವರು, ಊರೂರು ಅಲೆದು ಜಗಲಿಗಳ ಮೇಲೆ ಪೂಜೆಗೊಳ್ಳುತ್ತಿದ್ದ ಇಂಥ ಕಟ್ಟುಗಳನ್ನು ಬಿಚ್ಚಿಸಿದರು, ಓದಿದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚುಹಾಕಿಸಿದರು. ಮುದ್ರಣಕ್ಕಾಗಿ ಇದ್ದ ಮನೆಯನ್ನೂ ಮಾರಿ ಸ್ವಂತ ಅಚ್ಚುಕೂಟ ಕಟ್ಟಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ತೆಗೆದರು. ಅವರ ಅನಂತರದ ಹಲವು ವಿದ್ವಾಂಸರ ದುಡಿಮೆ ಸೇರಿ, ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನ ಸಂಪುಟಗಳು 15 ಆಗಿ ಹೊರಬಂದವು. ಅರಿವಿನ ದಾರಿ ಹೂವಿನ ಹಾಸಿಗೆಯೆಂದು ಹೇಳಿ ನಿಮ್ಮನ್ನು ಮೋಸಗೊಳಿಸುವುದಿಲ್ಲ. ಕಲಬುರ್ಗಿಯವರು ತಮ್ಮ ಸಂಶೋಧನೆಯ ಕೆಲವು ಮಾತುಗಳನ್ನು ಒತ್ತಡಕ್ಕೆ ಸಿಕ್ಕಿ ಹಿಂತೆಗೆದುಕೊಳ್ಳಬೇಕಾಯಿತು, 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿಯೇ ಗುಂಡಿಗೆ ಬಲಿಯಾದರು. ನಮಗೆ ಇಂದು ಗ್ರಂಥಾಲಯದಲ್ಲಿ ಕೈಚಾಚಿದರೆ ಸಿಗುವ ಪುಟಗಳ ಹಿಂದೆ ಇಷ್ಟೆಲ್ಲ ಇರುವಾಗ, ಸ್ವಂತಿಕೆ ಕೆಡುತ್ತದೆಂದು ಅವನ್ನು ತೆರೆಯದಿರುವುದು ನನಗೆ ಸಂಕೋಚದ ವಿಷಯವಾಗಿ ಕಾಣುತ್ತದೆ.

ಆದರೆ ನೀವು ಬಯಸುವುದು ಮಾಹಿತಿಯನ್ನಲ್ಲ, ಅನುಭಾವವನ್ನು. ಹದಿನೈದು ಸಂಪುಟ ಓದಿದವರೆಲ್ಲ ಅನುಭಾವಿಗಳಾಗಿದ್ದಾರೆಯೇ ಎಂದು ನೀವು ಕೇಳಬಹುದು. ಆಗಿಲ್ಲ, ಅಂಥವರನ್ನು ನಾನೇ ಬೇಕಾದಷ್ಟು ಕಂಡಿದ್ದೇನೆ. ಹಾಗಿದ್ದರೂ ವಚನಕಾರರು ಅರಿವು ಎಂದದ್ದು ಕಣ್ಣುಮುಚ್ಚಿ ಕೂತಾಗ ಒಳಗೆ ಹೊಳೆಯುವ ಬೆಳಕನ್ನು ಮಾತ್ರವಲ್ಲ. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನೆನೆಯಿರಿ. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ದಾಸೋಹಕ್ಕೇ ಹೋಗುವ ಅಕ್ಕಿ ಅದು, ಇರಲಿ ಬಿಡು ಎನ್ನಲು ಅವಳಿಗೆ ಎಲ್ಲ ನೆಪಗಳೂ ಇದ್ದವು. ಅವಳು ಗಂಟನ್ನು ನೋಡಿದಳು, ಅಳತೆ ತಪ್ಪಿದೆ ಎಂಬುದನ್ನು ಗುರುತಿಸಿದಳು, ಹೆಚ್ಚಿನದನ್ನು ತಂದ ಜಾಗಕ್ಕೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ಅವಳ ಅಧ್ಯಾತ್ಮ ಇದ್ದದ್ದು ಆ ಗಂಟನ್ನು ಸರಿಯಾಗಿ ನೋಡಿದ್ದರಲ್ಲಿ. ಅರಿವಿಗೆ ಎದುರಾಗಿ ವಚನಗಳಲ್ಲಿ ಬರುವ ಮಾತು ಮರೆವು. ಕನ್ನಡದಲ್ಲಿ ಮರೆ ಎಂದರೆ ನೆನಪು ಜಾರುವುದೂ ಹೌದು, ಅಡ್ಡ ಹಿಡಿದ ಪರದೆಯೂ ಹೌದು. ನಿಮ್ಮ ಏಳನೆಯ ಪುಟದಲ್ಲಿರುವುದು ಈ ಎರಡನೆಯದು.

ಪ್ರಬಂಧವನ್ನು ಪೆನ್ಸಿಲಿನ ಗುರುತುಗಳೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಮೂರನೆಯ ಪುಟದಲ್ಲಿ ನಿಮ್ಮ ತಾಯಿ ಹೊಲದಲ್ಲಿ ಕಳೆ ತೆಗೆಯುವುದನ್ನು ವರ್ಣಿಸಿದ ಭಾಗಕ್ಕೆ ಒಂದು ಗೆರೆಯನ್ನೂ ಎಳೆದಿಲ್ಲ. ಅಲ್ಲಿ ನೀವು ಕಣ್ಣಿಟ್ಟು ನೋಡಿ ಬರೆದಿದ್ದೀರಿ. ಏಳನೆಯ ಪುಟವನ್ನು ಪೂರ್ತಿ ತೆಗೆಯಿರಿ. ಅಕ್ಕನ ವಚನಗಳಿರುವ ಸಂಪುಟವನ್ನು ಮೊದಲಿನಿಂದ ಓದಿ, ಆ ವಚನ ಅಲ್ಲಿದ್ದರೆ ಅದರ ಹಿಂದುಮುಂದಿನವುಗಳ ಜೊತೆಗಿಟ್ಟು ನೋಡಿ, ಇಲ್ಲದಿದ್ದರೆ ಅದನ್ನೂ ಬರೆದು ತಿಳಿಸಿ.

ಇನ್ನೊಂದು ವಿಷಯ. ನಿಮ್ಮ ಊರಿನ ಮಠದ ಅಟ್ಟದಲ್ಲಿ ಓಲೆಗಳ ಪೆಟ್ಟಿಗೆಯಿದೆ, ಅದರ ಕೀಲಿ ಯಾರ ಬಳಿಯಿದೆಯೋ ಗೊತ್ತಿಲ್ಲ ಎಂದು ಪತ್ರದ ಕೊನೆಯಲ್ಲಿ ಸುಮ್ಮನೆ ಒಂದು ಸಾಲು ಬರೆದಿದ್ದೀರಿ. ಕೀಲಿ ಯಾರ ಬಳಿಯಿದೆಯೆಂದು ಕೇಳಿ. ಸಿಕ್ಕರೆ ನೀವೇ ಬಿಚ್ಚಬೇಡಿ. ಅಂಟಿಕೊಂಡ ಗರಿಗಳನ್ನು ಎಳೆದರೆ ಸೀಳಿಹೋಗುತ್ತವೆ, ಬಿಸಿಲಿಗೆ ಒಡ್ಡಿದರೆ ಸೆಟೆದುಕೊಳ್ಳುತ್ತವೆ. ದಿನ ಗೊತ್ತುಮಾಡಿ ತಿಳಿಸಿದರೆ ಭೂತಗನ್ನಡಿ, ಎಣ್ಣೆ ತೆಗೆದುಕೊಂಡು ಬೆಳಗಿನ ಬಸ್ಸಿಗೆ ಬರುತ್ತೇನೆ. ಹತ್ತಿ ಮತ್ತು ಒಂದು ಹಳೆಯ ಪಂಚೆಯನ್ನು ನೀವು ಸಿದ್ಧವಿಟ್ಟುಕೊಂಡಿರಿ.

ಇಂತು ನಿಮ್ಮ ವಿಶ್ವಾಸಿ